ಸೆಲ್ ತೆಗೆದರೆ ಮರೆಯುವ ಕ್ಯಾಮರಾ

ಸಂಬಳಕ್ಕಿಂತ ತುಟ್ಟಿಯಾದ ಫೋನಿನಲ್ಲಿ ದೋಸೆಯ ಫೋಟೋ ತೆಗೆಯುವ ನನಗೆ, ಪೋರೂರಿನ ನಮ್ಮ ಮನೆ ಮಾಲೀಕ ಮುರಿಗೆಪ್ಪನವರನ್ನು ನೋಡಿ ನಗುವ ಯೋಗ್ಯತೆಯಿಲ್ಲ; ಆದರೂ ನಗುತ್ತಿದ್ದೆ. ಡಿಜಿಟಲ್ ಕ್ಯಾಮರಾ ಹೊಸದಾಗಿ ಬಂದಾಗ ಕೊಂಡ ಅಗ್ಗದ ಡಬ್ಬಿಯೊಂದು ಈಗಲೂ ಅವರ ಕೊರಳಲ್ಲಿ, ಲಿಂಗದ ಕರಡಿಗೆಯ ಪಕ್ಕದಲ್ಲೇ ತೂಗುತ್ತದೆ. ಗುಂಡಿ ಒತ್ತಿ ಎರಡು ಉಸಿರಾದ ಮೇಲೆ ಅದು ಚಿತ್ರ ಹಿಡಿಯುತ್ತದೆ. ಮದುವೆ ಮನೆಯಲ್ಲಿ ಅವರು "ಇರಪ್ಪಾ, ಅಳ್ಳಾಡಬ್ಯಾಡ, ಇನ್ನಾ ಬಿದ್ದಿಲ್ಲ!" ಎನ್ನುವಷ್ಟರಲ್ಲಿ ಮದುಮಕ್ಕಳು ಊಟಕ್ಕೆ ಎದ್ದು, ಚಿತ್ರದಲ್ಲಿ ಖಾಲಿ ಕುರ್ಚಿಗಳು ಕೂತಿರುತ್ತವೆ. ಸೆಲ್ ತೆಗೆದರಂತೂ ಒಳಗಿನ ಚಿತ್ರಗಳೆಲ್ಲ ಅಳಿಸಿಹೋಗುತ್ತವೆ. "ಎಸೀರಿ ಅಂಕಲ್" ಅಂದರೆ, "ಕ್ಯಾಮರಾ ಛಲೋ ಐತಿ ತಮ್ಮಾ, ಸೆಲ್ಲೇ ಸರಿ ಇಲ್ಲ" ಎನ್ನುತ್ತಾರೆ. ಅವರ ಗೋಡೆಯ ಮೇಲೆ ತೀರಿಕೊಂಡ ಹೆಂಡತಿ ನೀಲಗಂಗಮ್ಮನವರ ಚಿತ್ರವಿದೆ. ರೇಷನ್ ಕಾರ್ಡಿನಿಂದ ಹಿಗ್ಗಿಸಿದ್ದು, ಮೂಗಿನ ಮೇಲೆ ಅರ್ಧ ಸರ್ಕಾರಿ ಮೊಹರು. ಆಸ್ಪತ್ರೆಯ ಮಂಚದಲ್ಲಿ ಆಕೆ ಕೊನೆಯ ಸಲ ನಕ್ಕದ್ದನ್ನು ಕ್ಯಾಮರಾ ಅದೃಷ್ಟಕ್ಕೆ ಸರಿಯಾಗಿಯೇ ಹಿಡಿದಿತ್ತಂತೆ. ಸೆಲ್ ಇಳಿಯುತ್ತಿದೆಯೆಂದು ಮುರಿಗೆಪ್ಪನವರು ಓಡಿಹೋಗಿ ಹೊಸದು ತಂದು, ತಮ್ಮ ಕೈಯಾರೆ ಹಳೆಯದನ್ನು ತೆಗೆದರು. ಹಾಗೆ ತೆಗೆಯಬಾರದೆಂದು ಅವರಿಗೆ ಆಗ ಗೊತ್ತಿರಲಿಲ್ಲ. ಇದನ್ನು ಅವರ ಮಗಳು ಕೋಮಲಾ ಹೇಳಿದ ಮೇಲೆ, ನಾನೂ ಅವರೆದುರು ಸೆಲ್ಲನ್ನೇ ಬೈಯುತ್ತೇನೆ.