ಹರಿಯದ ನೂಲು

ಆ ವರ್ಷದ ಬೇಸಿಗೆಯಲ್ಲಿ ಉದ್ಯಾನದ ಮರಗಳೆಲ್ಲ ಚಿಗುರಿದವು, ಆಲದ ಮರವೊಂದನ್ನು ಬಿಟ್ಟು. ಬೇವು ಚಿಗುರಿತು, ಹೊಂಗೆ ಚಿಗುರಿತು, ಬೇಲಿಯ ಪಕ್ಕ ಯಾರೂ ನೀರು ಹಾಕದ ಅತ್ತಿಯೂ ಚಿಗುರಿತು. ಆಲದ ನೆತ್ತಿಯ ಎಲೆಗಳು ಮಾತ್ರ ಹಳದಿಯಾಗಿ, ಗಾಳಿ ಇಲ್ಲದಾಗಲೂ ಒಂದೊಂದೇ ಉದುರುತ್ತಿದ್ದವು. ಅದೇ ಬೇಸಿಗೆಯಲ್ಲಿ ನನ್ನ ಗಂಡನ ಕೆಮ್ಮು ಬಲಿತಿತ್ತು. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ಎಲ್ಲರ ಮುಂದೆ ಜೋರು ಮಾಡುತ್ತಿದ್ದವಳು ನಾನೇ. ಮನೆಗೆ ಬಂದವಳೇ ಮೊದಲು ಅವರ ಮುಖ ನೋಡುತ್ತಿದ್ದೆ. ಹೆದರಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮದು ಇಚಲಕರಂಜಿಯ ಶಹಾಪುರ. ಮಗ್ಗದ ಶೆಡ್ಡಿನ ಗೋಡೆಗೆ ಅಂಟಿದ ಮನೆ. ಮಗ್ಗ ನಡೆಯುತ್ತಿದ್ದರೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ. ಗಂಡ ಆ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವರು. ನಾನು ಕಂಡಿಕೆ ಸುತ್ತುವವಳು, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವವಳು. ಕೆಮ್ಮು ನಿಲ್ಲದಾದಾಗ ಬಸ್ಸು ಹಿಡಿದು ಕೊಲ್ಹಾಪುರದ ಡಾಕ್ಟರ ಹತ್ತಿರ ಹೋದೆವು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎದೆಯೊಳಗೆ ಹೋದ ಹತ್ತಿಯ ದೂಳು ಇನ್ನು ಹೊರಗೆ ಬರುವುದಿಲ್ಲ, ಒಳಗಿದ್ದದ್ದು ಒಳಗೇ ಇರುತ್ತದೆ ಎಂದರು. ಬೆಳಿಗ್ಗೆ ಮರಗಿಡ ಇರುವ ಕಡೆ ಓಡಾಡಿಸಿ ಎಂದೂ ಹೇಳಿದರು. ಹೀಗೆ ನಾವಿಬ್ಬರೂ ಊರಿನ ದೊಡ್ಡ ಉದ್ಯಾನಕ್ಕೆ ಹೋಗತೊಡಗಿದೆವು.

ಅವರು ಆಲದ ಕೆಳಗಿನ ಬೆಂಚಿನಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೈಕಟ್ಟಿ ಕೂರುವುದು ನನ್ನಿಂದ ಆಗುವ ಮಾತಲ್ಲ. ಅಲ್ಲಿ ಗಿಡ ನೋಡಿಕೊಳ್ಳುವ ಸಂಸ್ಥೆಯೊಂದಿತ್ತು. ಅದನ್ನು ನಡೆಸುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಮರಾಠಿ ಟೀಚರು. ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು, ಮರಾಠಿಯಲ್ಲಿ ಟೀಚರಮ್ಮನನ್ನು ಹಾಗೇ ಕರೆಯುವುದು. ಒಂದು ದಿನ ಅವರು ನೇರ ನನ್ನ ಹತ್ತಿರ ಬಂದು, "ಬಸೂನ ಕಾಯ ಕರತೇಸ? ಹೇ ಧರ" ಎಂದು ಕೈಗೆ ಕಸಬರಿಗೆ ಹಿಡಿಸಿದರು. ಕೂತು ಏನು ಮಾಡುತ್ತೀ, ಇದು ಹಿಡಿ, ಅಷ್ಟೇ. ನನ್ನ ಹೆಸರು ಕೇಳಿದ್ದು ಎಷ್ಟೋ ದಿನಗಳ ಮೇಲೆ.

ಉದ್ಯಾನ ಪಾಲಿಕೆಯದು. ಪಾಲಿಕೆಯವರು ನೀರು ಬಿಡುತ್ತಾರೆ, ಗೇಟಿಗೆ ಬೀಗ ಹಾಕುತ್ತಾರೆ. ಉಳಿದದ್ದೆಲ್ಲ ನಮ್ಮ ಸಂಸ್ಥೆಯದು. ಉದುರಿದ ಎಲೆಗೆ ಬೆಂಕಿ ಹಚ್ಚದೆ ಗುಂಡಿಯಲ್ಲಿ ಕೊಳೆಸುವುದು, ಕಬ್ಬಿನ ಒಣಸೋಗೆ, ಅಂದರೆ ರವದಿ ತಂದು ಬುಡಕ್ಕೆ ಹಾಸುವುದು, ಬೇಸಿಗೆ ಕೊನೆಗೆ ಕುರಿಯವರಿಗೆ ಹೇಳಿ ಗೊಬ್ಬರಕ್ಕೆಂದು ಬೇಲಿಯೊಳಗೆ ಒಂದಷ್ಟು ರಾತ್ರಿ ಕುರಿ ತರುಬಿಸುವುದು, ಜೋಡಿಗಳು ಮರದ ಮೇಲೆ ಹೆಸರು ಕೆತ್ತಿದರೆ ಬೈಯುವುದು. ಈ ಕೊನೆಯ ಕೆಲಸವನ್ನು ಬಾಯಿ ನನಗೆ ಪೂರ್ತಿ ಬಿಟ್ಟುಕೊಟ್ಟಿದ್ದರು. ಅಲ್ಲಿ ಹಿಂದೆ ಶೆಡ್ಡುಗಳ ಕಸ ಸುರಿಯುತ್ತಿದ್ದರಂತೆ. ಆ ಕಸ ಎತ್ತಿಸಿ ಬಾಯಿ ನೆಟ್ಟ ಮೊದಲ ಸಸಿಯೇ ಆ ಆಲ.

ನನ್ನ ತವರು ಗಡಹಿಂಗ್ಲಜದ ನೇಸರಿ ಕಡೆ. ನಮ್ಮ ಮನೆಯಲ್ಲಿ ಜ್ಯೇಷ್ಠದ ಹುಣ್ಣಿಮೆ ಎಂದರೆ ಕಾರ ಹುಣ್ಣಿಮೆ. ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನುವ ದಿನ. ಶಹಾಪುರದಲ್ಲಿ ಎತ್ತು ಎಲ್ಲಿಂದ ಬರಬೇಕು? ಇಲ್ಲಿ ಆ ಹುಣ್ಣಿಮೆ ಹೆಂಗಸರದು, ಆಲದ ಮರದ್ದು. ಉಪವಾಸವಿದ್ದು, ಗಂಡನ ಆಯುಷ್ಯ ಬೇಡಿ, ಮರಕ್ಕೆ ನೂಲು ಸುತ್ತುತ್ತಾ ಸುತ್ತು ಹಾಕಬೇಕು. ಮದುವೆಯಾಗಿ ಬಂದ ನಾವು ಕನ್ನಡದವರೂ ಮರಾಠಿ ನೆರೆಯವರನ್ನು ನೋಡಿ ಕಲಿತೆವು. ಹಬ್ಬದ ಮರುದಿನ ಸಂಸ್ಥೆಯವರು ಹಣ್ಣು, ಹೂವು, ಹಲಸಿನ ತೊಳೆ ಎಲ್ಲ ಬಳಿದು ಗುಂಡಿಗೆ ಹಾಕುತ್ತಿದ್ದರು. ನೂಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಯಾರದೋ ಗಂಡನ ಆಯುಷ್ಯ, ಅದಕ್ಕೆ ಕತ್ತರಿ ಇಡುವವರು ಯಾರು? ಮಳೆಗಾಲ ಮುಗಿಯುವಷ್ಟರಲ್ಲಿ ಅದು ತಾನಾಗಿ ಕೊಳೆತು ಬೀಳುತ್ತದೆ ಎಂದು ಬಿಟ್ಟುಬಿಡುತ್ತಿದ್ದರು.

ಹತ್ತಿಯ ನೂಲು ಕೊಳೆಯುತ್ತದೆ. ಆದರೆ ಶೆಡ್ಡುಗಳಲ್ಲಿ ಪಾಲಿಸ್ಟರ್ ಬಂದು ಎಷ್ಟೋ ಕಾಲವಾಗಿತ್ತು, ಕಂಡಿಕೆಯಲ್ಲಿ ಉಳಿದ ತುದಿನೂಲು ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುತ್ತಿತ್ತು. ಅಂಗಡಿಯ ನೂಲು ಯಾಕೆ ಕೊಳ್ಳಬೇಕು? ಗೋಡೆಯಾಚೆಯ ನೆರೆಮನೆಯವಳು ನನಗಿಂತ ಸಣ್ಣವಳು, ಮಾತಿನಲ್ಲಿ ನನಗಿಂತ ಜೋರು. ಒಂದು ಹುಣ್ಣಿಮೆಗೆ ಅವಳು ಹಸಿರು ಪಾಲಿಸ್ಟರ್ ನೂಲನ್ನು ಹಲ್ಲಿನಿಂದ ಕಚ್ಚಿ ಎಳೆದು ತೋರಿಸಿದಳು.

"ನೋಡ್ರಿ ಅಕ್ಕಾ, ಹಲ್ಲ ಕಿತ್ತ ಬಂದಾವು, ನೂಲ ಹರಿಯೂದಿಲ್ಲ. ಆಯುಷ್ಯ ಅಂದ್ರ ಹಿಂಗ ಗಟ್ಟಿ ಇರಬೇಕ!"

ಎಲ್ಲರೂ ನಕ್ಕೆವು. ಎಲ್ಲರೂ ಅದನ್ನೇ ಸುತ್ತಿದೆವು.

ಆಲ ಚಿಗುರದ ಆ ಬೇಸಿಗೆಯ ಒಂದು ಭಾನುವಾರ ಬಾಯಿ ಕಾಂಡದ ಮೇಲಿನ ನೂಲಿನ ಪದರವನ್ನು ಬೆರಳಿನಿಂದ ಸರಿಸಲು ನೋಡಿದರು. ಸರಿಯಲಿಲ್ಲ. ನಾನು ಬಗ್ಗಿ ನೋಡಿದೆ. ನೂಲು ಮರದ ಮೇಲೆ ಇರಲಿಲ್ಲ, ಮರದ ಒಳಗಿತ್ತು. ಮರ ದಪ್ಪವಾಗುತ್ತಾ ಹೋಗಿತ್ತು, ವರ್ಷ ವರ್ಷದ ನೂಲು ಅಲ್ಲೇ ಬಿಗಿದು ನಿಂತಿತ್ತು. ಮೇಲುಗಡೆ ತೊಗಟೆ ಊದಿಕೊಂಡು ತುಟಿಯ ಹಾಗೆ ಹೊರಚಾಚಿತ್ತು, ಕೆಳಗೆ ಸೊರಗಿತ್ತು.

"ಝಾಡ ಗುದಮರತಂಯ" ಎಂದರು ಬಾಯಿ. ಮರಕ್ಕೆ ಉಸಿರು ಕಟ್ಟಿದೆ. ಮಳೆಗೆ ಮುಂಚೆ ಇದನ್ನೆಲ್ಲ ಕತ್ತರಿಸದಿದ್ದರೆ ಉಳಿಯುವುದಿಲ್ಲ ಎಂದು, ತಾವೇ ಕತ್ತರಿ ತರಲು ಹೊರಟರು. ಬೀದಿಯ ಹೆಂಗಸರ ಜೊತೆ ಉದ್ಯಾನಕ್ಕೆ ಬಂದಿದ್ದ ನೆರೆಮನೆಯವಳು ಅಡ್ಡ ನಿಂತಳು.

"ಬಾಯೀ, ತುಮೀ ನಕೋ." ನೀವು ಬೇಡ ಎಂದವಳು, ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಅವರ ಕೈ ಹತ್ತಬಾರ್ದ್ರಿ. ಮುತ್ತೈದ್ಯಾರ ಸುತ್ತಿದ ನೂಲ ಅದು" ಎಂದಳು.

ಬಾಯಿ ಗಂಡನನ್ನು ಕಳೆದುಕೊಂಡವರು. ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಥವಾಯಿತು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಾಚಿಕಿ ಆಗೂದಿಲ್ಲೇನ ನಿಮಗ? ಈ ಗಿಡಾ ಹಚ್ಚಿದವ್ರ ಯಾರು? ಕೊಡದಾಗ ನೀರ ಹೊತ್ತವ್ರ ಯಾರು? ಗಿಡಾ ಉಳದ್ರ ಅಲಾ ನಿಮ್ಮ ಪೂಜಿ!"

"ಹಂಗಾರ ನೀವ ಕತ್ತರಸ್ರಿ ಅಕ್ಕಾ. ನಿಮ್ಮವರಿಗಿ ಹೆಂಗೂ ಆರಾಮಿಲ್ಲ."

ನನ್ನ ಬಾಯಿ ಸುಲಭಕ್ಕೆ ಮುಚ್ಚುವಂಥದ್ದಲ್ಲ. ಅವತ್ತು ಮುಚ್ಚಿತು. ಸಂಸ್ಥೆಯ ಗಂಡಸರ ಕಡೆ ನೋಡಿದೆ. ಅವರು ಇದು ಹೆಣ್ಣುಮಕ್ಕಳ ವಿಷಯ ಎಂದು ನೀರಿನ ಪೈಪು ಎಳೆದುಕೊಂಡು ಬೇಲಿಯ ಕಡೆ ನಡೆದಿದ್ದರು, ಭೂಪರು. ಕತ್ತರಿಸದಿದ್ದರೆ ಮರ ಸಾಯುತ್ತದೆ. ಕತ್ತರಿಸಿದ ಮೇಲೆ ನನ್ನ ಗಂಡನಿಗೆ ಏನಾದರೂ ಆದರೆ? ಹಾಗೆಲ್ಲ ಆಗುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ.

ಮನೆಯಲ್ಲಿ ಅವರು ಊಟಕ್ಕೆ ಕೂತಾಗ ಕೇಳಿದರು, "ಯಾಕ, ಇವತ್ತ ರೇಡಿಯೋ ಬಂದ್ ಐತಿ?"

ಹೇಳಿದೆ. ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ನಾನು ತಟ್ಟೆ ನೋಡುತ್ತಾ ಕೂತೆ.

"ಆ ನೂಲ ನನ್ನ ಸಲುವಾಗಿ ಸುತ್ತಿದ್ದ ಹೌದಲ್ಲೋ? ಹಂಗಾರ ನಾನ ಕತ್ತರಸ್ತೀನಿ."

"ತಲಿ ಕೆಟ್ಟದ ಏನ್ರಿ ನಿಮಗ?"

"ನಿನಗ ಬರೂದಿಲ್ಲಲೇ. ತೊಗಟಿ ಹರದ ಬಿಡ್ತಿ. ಶಾಫ್ಟಿಗೆ ಸುತ್ತಿದ ನೂಲ ಬಿಡಸೂದ, ಜನ್ಮಾ ಪೂರ್ತಿ ಅದನ್ನ ಮಾಡೇನಿ."

ಮಗ್ಗದ ಶಾಫ್ಟಿಗೆ ನೂಲು ಸುತ್ತಿಕೊಂಡರೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಅದನ್ನು ಎತ್ತಿ ಕತ್ತರಿಸಲು ಜಾಬರುಗಳ ಹತ್ತಿರ ತುದಿ ಬಾಗಿದ ಸಣ್ಣ ಚಾಕು ಇರುತ್ತದೆ. ಅವರು ಅದನ್ನು ಕಲ್ಲಿಗೆ ಮಸೆದುಕೊಂಡರು. ನಾನು ಬೇಡ ಎಂದೆ, ಅತ್ತು ಕರೆದೆ, ಪಾತ್ರೆ ಕುಕ್ಕಿದೆ. ಕೇಳುವ ಜಾತಿಯೇ ಅಲ್ಲ ಆ ಮನುಷ್ಯ.

ಮರುದಿನ ಬೆಳಿಗ್ಗೆಯೇ ಮೋಡ ಕವಿದಿತ್ತು, ಗಾಳಿ ಸತ್ತಿತ್ತು. ಕಾಗೆಗಳು ಕೂಡ ಆಲ ಬಿಟ್ಟು ಬೇವಿನಲ್ಲಿ ಕೂತಿದ್ದವು. ಹೆಂಗಸರು ದೂರದಲ್ಲಿ ಸೆರಗು ಬಾಯಿಗೆ ಹಿಡಿದು ನಿಂತರು. ನನ್ನ ಗಂಡ ಚಾಕುವಿನ ತುದಿಯನ್ನು ನೂಲಿನ ಕೆಳಗೆ ತೂರಿಸಿ, ಎತ್ತಿ, ಎಳೆದರು. ಪಟ್ ಎಂದಿತು. ಪ್ರತಿ ಸಲ ಪಟ್ ಎಂದಾಗಲೂ ನಾನು ಅವರ ಮುಖ ನೋಡುತ್ತಿದ್ದೆ. ಬಿಳಿ, ಗುಲಾಬಿ, ಗಿಳಿಹಸಿರು, ಬಣ್ಣ ಕೂಡ ಮಾಸಿರಲಿಲ್ಲ. ನಡುನಡುವೆ ಬೆಂಚಿಗೆ ಬಂದು ಕೂತು ಉಸಿರು ಹುಡುಕಿಕೊಳ್ಳುತ್ತಿದ್ದರು, ಮತ್ತೆ ಏಳುತ್ತಿದ್ದರು. ಬಿದ್ದ ನೂಲನ್ನು ನಾನೂ ಬಾಯಿಯೂ ಗೋಣಿಚೀಲಕ್ಕೆ ತುಂಬಿದೆವು.

ಎಲ್ಲಕ್ಕಿಂತ ಒಳಗಿನ ನೂಲಿನ ಮೇಲೆ ತೊಗಟೆ ಪೂರ್ತಿ ಮುಚ್ಚಿಕೊಂಡಿತ್ತು. ಅದನ್ನು ತೆಗೆಯಹೋದರೆ ಮರವನ್ನೇ ಕಡಿಯಬೇಕು. "ಆತಲಂ ರಾಹೂ ದೇ" ಎಂದರು ಬಾಯಿ, ಒಳಗಿನದು ಇರಲಿ ಬಿಡು. ನನ್ನ ಗಂಡ ಆ ಮುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು.

"ಡಾಕ್ಟರೂ ನನಗ ಹಿಂಗ ಅಂದಿದ್ರಲಾ" ಎಂದರು.

ನಾನು ಚೀಲದ ಬಾಯಿ ಕಟ್ಟಿದೆ.

ಮಳೆ ಹಿಡಿದ ಮೇಲೆ ಆಲ ಚಿಗುರಿತು. ಮೊದಲು ಕೆಳಗಿನ ಕೊಂಬೆ, ಆಮೇಲೆ ನೆತ್ತಿ. ಒಂದು ಕೊಂಬೆ ಮಾತ್ರ ಒಣಗೇ ಉಳಿಯಿತು. ಮಳೆ ನಿಲ್ಲುವ ಮೊದಲೇ ನನ್ನ ಗಂಡ ಹೋದರು.

ನನ್ನ ಮುಂದೆ ಯಾರೂ ಏನೂ ಅನ್ನಲಿಲ್ಲ. ನಳದ ಹತ್ತಿರ ನಾನು ಕೊಡ ಇಟ್ಟರೆ ಮಾತು ನಿಂತುಬಿಡುತ್ತಿತ್ತು, ಅಷ್ಟೇ. ತನ್ನ ನೂಲು ತಾನೇ ಕತ್ತರಿಸಿಕೊಂಡ ಎಂದು ಬೆನ್ನ ಹಿಂದೆ ಆಡಿಕೊಂಡರೆಂದು ಗೊತ್ತಾಯಿತು. ಹತ್ತಿಯ ದೂಳ್ರೆವ್ವಾ, ನೀವು ನಾವು ಎಲ್ಲರೂ ದಿನಾ ನುಂಗುವ ಆ ದೂಳು ಎಂದು ಬೀದಿಯಲ್ಲಿ ನಿಂತು ಕಿರುಚಬೇಕು ಅನಿಸುತ್ತಿತ್ತು. ಕಿರುಚಲಿಲ್ಲ. ಭಾನುವಾರ ಬಂದರೆ ಕಸಬರಿಗೆ ಹಿಡಿದು ಹೋಗುತ್ತಿದ್ದೆ, ಆ ಬೆಂಚಿನ ಸುತ್ತ ಮಾತ್ರ ಗುಡಿಸುತ್ತಿರಲಿಲ್ಲ. ಅದನ್ನು ಬಾಯಿ ಗುಡಿಸುತ್ತಿದ್ದರು.

ಈಗ ಸಂಸ್ಥೆ ಹುಣ್ಣಿಮೆಯ ದಿನ ಗೇಟಿನಲ್ಲೇ ಹತ್ತಿಯ ನೂಲು ಹಂಚುತ್ತದೆ. ಮರುದಿನ ಬಾಯಿ ಮತ್ತು ನಾನು ಎಲ್ಲವನ್ನೂ ಕತ್ತರಿಸುತ್ತೇವೆ, ನನ್ನ ಗಂಡನದೇ ಚಾಕುವಿನಿಂದ. ಈಗ ಯಾರೂ ಅಡ್ಡ ಬರುವುದಿಲ್ಲ. ಮುತ್ತೈದೆಯೊಬ್ಬಳ ಗಂಡ ಹೋದದ್ದನ್ನು ಕಣ್ಣಾರೆ ಕಂಡಮೇಲೆ ಆ ಚಾಕು ಹಿಡಿಯಲು ಯಾರಿಗೂ ಧೈರ್ಯವಿಲ್ಲ. ಹಿಡಿದರೆ ಇನ್ನೇನೂ ಆಗಲಾರದವರು ನಾವಿಬ್ಬರೇ ಎಂದು ಅವರೆಣಿಕೆ.

ಈ ಸಲ ಬಾಯಿಗೆ ಮೊಣಕಾಲು ನೋವು, ಒಬ್ಬಳೇ ಹೋದೆ. ನಾನು ಮರದ ಹತ್ತಿರ ಬರುವ ಮೊದಲೇ ನೆರೆಮನೆಯವಳು ಅಲ್ಲಿ ನಿಂತಿದ್ದಳು. ಅವಳ ಗಂಡನೇ ಈಗ ಆ ಶೆಡ್ಡಿನ ಜಾಬರ್. ನಾನು ಕತ್ತರಿಸುತ್ತಾ ಹೋದೆ. ಹತ್ತಿಯ ನೂಲುಗಳ ಕೆಳಗೆ, ಕಾಣದ ಹಾಗೆ ಒತ್ತಿ ಸುತ್ತಿದ ಒಂದು ಎಳೆ ಬೆರಳಿಗೆ ಸಿಕ್ಕಿತು. ಮುಟ್ಟಿದರೆ ಸಾಕು, ನನಗೆ ಗೊತ್ತಾಗುತ್ತದೆ. ಹಸಿರು ಪಾಲಿಸ್ಟರ್.

"ಏನಿದು?" ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣಾರೆ ಕಂಡೂ ಬುದ್ಧಿ ಬರಲಿಲ್ಲೇನ ನಿನಗ?"

ಯಾವತ್ತೂ ಒಂದಕ್ಕೆ ಎರಡು ಮಾತಾಡುವವಳು ಅವತ್ತು ನನ್ನ ಕೈ ಹಿಡಿದುಕೊಂಡಳು.

"ಇನ್ನೊಂದೀಟ ದಿನಾ ಇರಲಿ ಅಕ್ಕಾ, ನಿಮ್ಮ ಕಾಲ ಬೀಳ್ತೀನಿ. ಅವರಿಗಿ ಕೆಮ್ಮ ಸುರು ಆಗೇತಿ. ಡಾಕ್ಟರ ಕಡೆ ಹೋಗಿ ಬರೂತನಕ ಅಷ್ಟ."

ಅವಳಿಗೆ ಬೈಯಬೇಕಿತ್ತು. ಒಂದೇ ಎಳೆಯಲ್ಲವೇ, ಚಾಕು ಆಗಲೇ ಅದರ ಕೆಳಗಿತ್ತು, ಎಳೆದರೆ ಮುಗಿಯುತ್ತಿತ್ತು. ಚಾಕು ಹೊರಗೆ ತೆಗೆದೆ. ಡಾಕ್ಟರ ಹತ್ತಿರ ಹೋಗಿ ಬಂದೊಡನೆ ಹೇಳು ಎಂದೆ.

ಅವಳೂ ಅವಳ ಗಂಡನೂ ಕೊಲ್ಹಾಪುರಕ್ಕೆ ಹೋಗಿ ಬಂದಾಯಿತು. ಅವಳು ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಗೋಡೆಯಾಚೆ ಕೆಮ್ಮು ಕೇಳಿಸುತ್ತದೆ, ಅದೇ ಕೆಮ್ಮು. ಭಾನುವಾರ ಚಾಕುವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತೇನೆ, ಗಂಟು ಬಿಚ್ಚದೆ ತಿರುಗಿ ಬರುತ್ತೇನೆ. ಮಳೆ ಶುರುವಾಗಿದೆ, ಮರ ದಪ್ಪವಾಗುವ ಕಾಲ. ಆ ನೂಲು ಇನ್ನೂ ಅಲ್ಲೇ ಇದೆ.