ಸರ್ವರ್‌ನ ಗಡಿಯಾರ

"ರಾಯರೇ, ಹೋಟೆಲ್ ಮುಚ್ಚಿಬಿಟ್ಟಿರಾ?"

ಬೆಳಿಗ್ಗೆ ಎಂಟಕ್ಕೆ ಖಾಯಂ ಗಿರಾಕಿಯೊಬ್ಬರ ಫೋನು. ಆಚೆ ಬೀದಿಯ ಹೋಟೆಲಿನಲ್ಲಿ ಕೂತು ಕೇಳುತ್ತಿದ್ದರು. ಚೆನ್ನೈನ ವೇಲಚೇರಿಯ ನನ್ನ ಹೋಟೆಲಿನಲ್ಲಿ ಇಡ್ಲಿ ಬೇಯುತ್ತಿತ್ತು. ನಾನೇ ಪಿಎಚ್‌ಪಿ ಕಲಿತು ಬರೆದ ಹೊಸ ವೆಬ್‌ಪುಟ ಮಾತ್ರ 'ಮುಚ್ಚಿದೆ' ಎನ್ನುತ್ತಿತ್ತು.

ಆರಕ್ಕೆ ತೆರೆಯಬೇಕೆಂದು ಬರೆದಿದ್ದೆ. ಮೂರು ಸಲ ಓದಿದರೂ ತಪ್ಪು ಕಾಣಲಿಲ್ಲ. ಪಾಠ ಹೇಳಿಕೊಡುವ ಕವಿತಾಳಿಗೆ ಫೋನ್ ಮಾಡಿದೆ.

"ಅಂಕಲ್, ನಿಮ್ಮ ಪುಟ ಇರೋ ಸರ್ವರ್‌ನಲ್ಲಿ ಈಗ ಎಷ್ಟು ಗಂಟೆ ನೋಡಿ."

ನೋಡಿದೆ. ಬೆಳಗಿನ ಜಾವ ಮೂರು.

"ಅದು ಬೇರೆ ದೇಶದ ಟೈಮ್. ನಮ್ಮದನ್ನು ನೀವು ಹೇಳಬೇಕು."

"ಚೆನ್ನೈ ಅಂತ ಪುಟದ ಮೇಲೇ ಬರೆದಿದ್ದೀನಲ್ಲಮ್ಮ!"

"ಅದನ್ನು ಗಿರಾಕಿ ಓದ್ತಾರೆ. ಸರ್ವರ್ ಓದಲ್ಲ."

ಅವಳು ಹೇಳಿದ ಒಂದು ಸಾಲು ಸೇರಿಸಿದೆ.

ಮರುದಿನ ಆರಕ್ಕೆ ಸರಿಯಾಗಿ ಪುಟ 'ತೆರೆದಿದೆ' ಎಂದಿತು. ಅದನ್ನು ನೋಡಿ ಆ ಗಿರಾಕಿ ಬಂದು ಬಾಗಿಲು ತಟ್ಟಿದರು.

ಅಂದು ನಮಗೆ ವಾರದ ರಜೆ.