ಸೂರಕ್ಕಿ ಕೂರುತ್ತದೆ

ಕೊಲ್ಲಿ ದೇಶದ ಅಹ್ಮದಿಯ ನಮ್ಮ ಕಂಪೆನಿ ಮನೆಯ ದಾಸವಾಳಕ್ಕೆ ಬಂದ ಕಪ್ಪುನೀಲಿ ಹಕ್ಕಿಯನ್ನು ಕಂಡು ಮಗಳು "ಹಮ್ಮಿಂಗ್‌ಬರ್ಡ್!" ಎಂದು ಕೂಗಿದಳು. ಅವಳ ಸ್ಕೂಲ್ ಪುಸ್ತಕದಲ್ಲಿ ಇದೇ ಚಿತ್ರವಂತೆ. ನನಗೆ ರೇಗಿತು. ಊರಲ್ಲಿ ದಿನಾ ನೋಡಿದ ಸೂರಕ್ಕಿ ನನಗೆ ಗೊತ್ತಿಲ್ಲವೇ? ಅಷ್ಟರಲ್ಲಿ ಆ ಹಕ್ಕಿ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಮಕರಂದ ಹೀರತೊಡಗಿತು. "ನೋಡಿದ್ಯಾ, ಅಮ್ಮಾ?" ಎಂದಳು.

ರಿಫೈನರಿಯ ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಆಗಷ್ಟೇ ಗೇಟಿನೊಳಗೆ ಬಂದ ನನ್ನ ಗಂಡ ಟಿಫಿನ್ ಚೀಲ ಹಿಡಿದೇ ನಿಂತರು.

"ಸ್ವಲ್ಪ ತಡಿ ಮಗಾ. ಹಮ್ಮಿಂಗ್‌ಬರ್ಡ್ ಹಾರ್ತಾನೇ ಕುಡೀತದೆ. ಸೂರಕ್ಕಿಗೆ ಸುಸ್ತಾಗ್ತದೆ, ಅದು ಕೂರ್ತದೆ."

ಮೂವರೂ ಕಾದೆವು. ಹಕ್ಕಿ ಕೊಂಬೆ ಹಿಡಿದು ಕುಳಿತು, ಬಾಗಿದ ಕೊಕ್ಕನ್ನು ಹೂವಿಗಿಟ್ಟಿತು. ಎಷ್ಟು ಚೆಂದ ಕುಳಿತಿತ್ತು!

ಮಗಳು ಒಳಗೆ ಹೋಗಿ ಅಪ್ಪನಿಗೊಂದು ಕುರ್ಚಿ ತಂದಳು.